ಹಗುರದ ಹೊರೆ

ಆಯುಧವನ್ನು ಬಟ್ಟೆಯ ಮರೆಯಲ್ಲಿ, ಎದುರಿನವರ ಕಣ್ಣಿಗೆ ಬೀಳದಂತೆ ಧರಿಸಿ ಸಾರ್ವಜನಿಕ ಸ್ಥಳಗಳಲ್ಲಿ ಸಂಚರಿಸುವುದನ್ನು ಅಮೆರಿಕದಲ್ಲಿ ‘ಕನ್ಸೀಲ್ಡ್ ಕ್ಯಾರಿ’ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಗುಪ್ತಧಾರಣೆ ಎಂದು ಕರೆಯಬಹುದು. ಇದಕ್ಕಾಗಿ ರಿವಾಲ್ವರನ್ನು, ಅಂದರೆ ತಿರುಗುವ ಸಿಲಿಂಡರಿನ ಕೋಣೆಗಳಲ್ಲಿ ಐದೋ ಆರೋ ಕಾಡತೂಸುಗಳನ್ನು ಇಟ್ಟುಕೊಳ್ಳುವ ಕೈಬಂದೂಕನ್ನು, ಆರಿಸಿಕೊಳ್ಳುವವರಿಗೆ ಅಲ್ಲಿ ಅಂಗಡಿಕಾರರಿಂದ ಹಿಡಿದು ನೆಂಟರಿಷ್ಟರವರೆಗೆ ಬಹುತೇಕ ಎಲ್ಲರೂ ಕೊಡುತ್ತ ಬಂದಿರುವ ಸಲಹೆ ಒಂದೇ: ಸಿಕ್ಕುವುದರಲ್ಲೆಲ್ಲ ಚಿಕ್ಕದನ್ನು, ಚಿಕ್ಕವುಗಳಲ್ಲೆಲ್ಲ ಹಗುರವಾದುದನ್ನು ಕೊಳ್ಳಬೇಕು. ಕೊಳ್ಳುವವರು ಹೊಸಬರಾಗಿದ್ದರೆ, ವಯಸ್ಸಾದವರಾಗಿದ್ದರೆ, ಅದರಲ್ಲೂ ಹೆಂಗಸರಾಗಿದ್ದರೆ, ಈ ಮಾತನ್ನು ಇನ್ನಷ್ಟು ಒತ್ತಿ ಹೇಳಲಾಗುತ್ತದೆ. ಈ ಸಲಹೆ ತಪ್ಪು, ಮತ್ತು ಯಾರಿಗೆ ಅದನ್ನು ಹೆಚ್ಚು ಒತ್ತಿ ಹೇಳಲಾಗುತ್ತದೆಯೋ ಅವರ ವಿಷಯದಲ್ಲೇ ಹೆಚ್ಚು ತಪ್ಪು ಎಂಬುದು ಪ್ರಸ್ತುತ ಲೇಖನದ ವಾದ. ಹೊರುವುದರ ಸುಲಭವನ್ನು ಹಾರಿಸುವುದರ ಸುಲಭವೆಂದು ಎಣಿಸಿದ್ದು ಇದರ ಮೂಲದೋಷ. ಪ್ರಜೆಗಳು ಆಯುಧ ಧರಿಸಿ ಓಡಾಡುವುದು ಸರಿಯೇ ಎಂಬ ದೊಡ್ಡ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಕಾನೂನು ಒಪ್ಪಿರುವ ಕಡೆ, ಧರಿಸುವುದೆಂದು ತೀರ್ಮಾನಿಸಿದವರು ಯಾವ ತರ್ಕದಿಂದ ಆರಿಸಬೇಕೆಂಬುದಷ್ಟೇ ವಿಚಾರ.

ಇದು ಹವ್ಯಾಸಿಗಳ ಕಾಡುಹರಟೆಯಾಗಿ ಉಳಿದಿದ್ದರೆ ಖಂಡಿಸುವ ಅಗತ್ಯವಿರಲಿಲ್ಲ. 1987ರಲ್ಲಿ ಫ್ಲಾರಿಡಾ ರಾಜ್ಯವು, ನಿಗದಿತ ಅರ್ಹತೆಗಳಿರುವ ಅರ್ಜಿದಾರನಿಗೆ ಗುಪ್ತಧಾರಣೆಯ ಪರವಾನಗಿಯನ್ನು ಕೊಡಲೇಬೇಕೆಂಬ ಕಾನೂನನ್ನು ತಂದ ಮೇಲೆ ಒಂದರ ಹಿಂದೊಂದು ರಾಜ್ಯ ಅದೇ ದಾರಿ ಹಿಡಿಯಿತು. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದ ತೀರ್ಪಿನಲ್ಲಿ, ಅರ್ಜಿದಾರನು ತನಗೆ ಆಯುಧದ ವಿಶೇಷ ಅಗತ್ಯವಿದೆಯೆಂದು ತೋರಿಸಬೇಕೆಂಬ ನ್ಯೂಯಾರ್ಕಿನ ನಿಯಮವನ್ನೇ ತೆಗೆದುಹಾಕಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಆಯುಧವನ್ನು ಮರೆಯಲ್ಲಿ ಧರಿಸಬಹುದು. ಪರವಾನಗಿ ಹೋದಲ್ಲಿ, ಎಷ್ಟೋ ಕಡೆ ಅದಕ್ಕೆ ಅಂಟಿಕೊಂಡಿದ್ದ ತರಬೇತಿಯ ಕಡ್ಡಾಯವೂ ಹೋಯಿತು. ಹೀಗಾಗಿ ಮೊದಲ ಬಾರಿಗೆ ಆಯುಧ ಕೊಳ್ಳುವ ಎಷ್ಟೋ ಜನರಿಗೆ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಐದು ನಿಮಿಷದಲ್ಲಿ ಸಿಕ್ಕ ಸಲಹೆಯೇ ಗುರುವೂ ಪಾಠಶಾಲೆಯೂ ಆಗಿಬಿಡುತ್ತದೆ. ಅಲ್ಲಿ ನುಸುಳಿದ ತಪ್ಪನ್ನು ಮುಂದೆ ತಿದ್ದುವವರಿರುವುದಿಲ್ಲ.

ಖಂಡಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿ ಇಡುವುದು ನ್ಯಾಯ. ಆ ಪಕ್ಷದವರ ವಾದ ಹೀಗಿದೆ. ಭಾರವಾದ ಆಯುಧ ಸೊಂಟವನ್ನು ಎಳೆಯುತ್ತದೆ, ಬಟ್ಟೆಯ ಮೇಲೆ ಉಬ್ಬಿ ಕಾಣುತ್ತದೆ, ನಾಲ್ಕು ದಿನ ಧರಿಸಿದವರು ಐದನೆಯ ದಿನ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ; ಮನೆಯಲ್ಲಿರುವ ದೊಡ್ಡ ಆಯುಧಕ್ಕಿಂತ ಜೇಬಿನಲ್ಲಿರುವ ಚಿಕ್ಕದು ಮೇಲು. ಆತ್ಮರಕ್ಷಣೆಯ ಸಂದರ್ಭಗಳು ಕೆಲವೇ ಹೆಜ್ಜೆಗಳ ಅಂತರದಲ್ಲಿ ಒದಗುವುದರಿಂದ ಸೂಕ್ಷ್ಮ ಗುರಿಯ ಅಗತ್ಯವಿಲ್ಲ. ರಿವಾಲ್ವರಿನ ಯಂತ್ರ ಸರಳ, ಅದು ಎಂದೂ ಸಿಕ್ಕಿಕೊಳ್ಳುವುದಿಲ್ಲ, ಚಾಚಿ ಟ್ರಿಗರ್ ಎಳೆದರೆ ಆಯಿತು, ಆದ್ದರಿಂದ ಹೆಚ್ಚಿನ ಅಭ್ಯಾಸವೂ ಬೇಡ. ಚಿಕ್ಕ ಕೈಗೆ ಚಿಕ್ಕ ಆಯುಧ ಒಪ್ಪುತ್ತದೆ. ಈ ನಾಲ್ಕು ಮಾತುಗಳಲ್ಲಿ ಪ್ರತಿಯೊಂದರಲ್ಲೂ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಸತ್ಯವೇ ಉಳಿದ ಅರ್ಧವನ್ನು ಮರೆಮಾಡಿದೆ.

ಮೊದಲು ಈ ಜಾತಿಯ ಆಯುಧದ ಹುಟ್ಟನ್ನು ನೋಡಬೇಕು, ಏಕೆಂದರೆ ಅದು ಯಾರಿಗಾಗಿ ಹುಟ್ಟಿತೆಂಬುದು ಹೆಸರುಗಳಲ್ಲೇ ಉಳಿದುಕೊಂಡಿದೆ. 1920ರ ದಶಕದಲ್ಲಿ ಕೋಲ್ಟ್ ಕಂಪನಿಯ ಜಾನ್ ಹೆನ್ರಿ ಫಿಟ್ಜ್‌ಜೆರಾಲ್ಡ್ ಎಂಬ ನುರಿತ ಗುರಿಕಾರನು ದೊಡ್ಡ ರಿವಾಲ್ವರುಗಳ ನಳಿಗೆಯನ್ನು ಮೋಟುಗೊಳಿಸಿ, ಹಿಡಿಯನ್ನು ಕಿರಿದುಮಾಡಿ, ಬಟ್ಟೆಗೆ ಸಿಕ್ಕುವ ಹ್ಯಾಮರಿನ, ಅಂದರೆ ಕಾಡತೂಸಿಗೆ ಪೆಟ್ಟು ಕೊಡುವ ಭಾಗದ, ಕೊಕ್ಕನ್ನು ಕತ್ತರಿಸಿ, ಜೇಬಿನಿಂದ ಬೇಗ ಹೊರಬರುವ ಆಯುಧಗಳನ್ನು ರೂಪಿಸಿದನು. 1927ರಲ್ಲಿ ಅದೇ ಕಂಪನಿ ಎರಡಂಗುಲ ನಳಿಗೆಯ ರಿವಾಲ್ವರನ್ನು ಕಾರ್ಖಾನೆಯಿಂದಲೇ ಹೊರತಂದಾಗ ಅದಕ್ಕಿಟ್ಟ ಹೆಸರು ‘ಡಿಟೆಕ್ಟಿವ್ ಸ್ಪೆಷಲ್’. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಪ್ರದರ್ಶಿಸಿತು. ಅದರ ಹೆಸರು ‘ಚೀಫ್ಸ್ ಸ್ಪೆಷಲ್’. ಒಂದು ಪತ್ತೇದಾರನ ಹೆಸರಿನದು, ಇನ್ನೊಂದು ಪೊಲೀಸ್ ಮುಖ್ಯಸ್ಥನ ಹೆಸರಿನದು. ಎರಡೂ ದೊಡ್ಡ ಸೇವಾ ರಿವಾಲ್ವರಿನಲ್ಲಿ ಆಗಲೇ ಕೈ ಪಳಗಿಸಿಕೊಂಡಿದ್ದವರ ಎರಡನೆಯ ಆಯುಧಗಳು, ಇಲ್ಲವೇ ಸಮವಸ್ತ್ರವಿಲ್ಲದ ಹೊತ್ತಿನ ಆಯುಧಗಳು. ಮೋಟು ನಳಿಗೆಯ ಕೊರತೆಯನ್ನು ಪಳಗಿದ ಕೈ ತುಂಬಿಕೊಡುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಕೊರತೆಯನ್ನು ಒಪ್ಪಿಕೊಳ್ಳಲಾಗಿತ್ತು. ಪಳಗಿದ ಕೈಗೆಂದು ಮಾಡಿದುದನ್ನು ಪಳಗದ ಕೈಗೆ ‘ಮೊದಲ ಆಯುಧ’ವಾಗಿ ಕೊಡುವುದು, ಜಟ್ಟಿಯ ಗದೆಯನ್ನು ಗರಡಿಗೆ ಆಗತಾನೆ ಬಂದ ಹುಡುಗನ ಕೈಗೆ ಇಟ್ಟಂತೆ.

ಆ ಮೊದಲ ಮಾದರಿಗಳು ಉಕ್ಕಿನವಾಗಿದ್ದುವೆಂಬುದನ್ನೂ ಮರೆಯಬಾರದು. ಡಿಟೆಕ್ಟಿವ್ ಸ್ಪೆಷಲಿನ ತೂಕ ಸುಮಾರು 600 ಗ್ರಾಂ, ಚೀಫ್ಸ್ ಸ್ಪೆಷಲಿನದು ಸುಮಾರು 550 ಗ್ರಾಂ. ಇವತ್ತು ‘ಹಗುರ’ ಎಂದು ಮಾರಾಟವಾಗುವ ತಳಿ ಅನಂತರದ್ದು. ಚೌಕಟ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದ ‘ಏರ್‌ವೇಟ್’ ವರ್ಗದ ರಿವಾಲ್ವರು ಸುಮಾರು 420 ಗ್ರಾಂ ತೂಗುತ್ತದೆ. ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟೂ ಟೈಟೇನಿಯಂ ಸಿಲಿಂಡರೂ ಇರುವ ಈ ಶತಮಾನದ ಮಾದರಿಗಳು 330 ಗ್ರಾಮಿನ ಆಸುಪಾಸಿಗೆ ಇಳಿದಿವೆ. ಹಗುರದ ಬೆನ್ನು ಹತ್ತಿದವರಿಗೆ ಎಚ್ಚರಿಕೆಯೇನೂ ಸಿಗದೆ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಯು ವಿಮಾನದ ಸಿಬ್ಬಂದಿಗೆಂದು ಸಿಲಿಂಡರನ್ನೂ ಅಲ್ಯೂಮಿನಿಯಮಿನಿಂದಲೇ ಮಾಡಿಸಿದ ರಿವಾಲ್ವರುಗಳನ್ನು ತರಿಸಿಕೊಂಡಿತು. ಆ ಲೋಹ ಸಿಡಿತದ ಒತ್ತಡವನ್ನು ನಂಬಿಕೆಗೆ ಅರ್ಹವಾಗಿ ತಡೆಯಲಿಲ್ಲವಾದ್ದರಿಂದ ಕೊನೆಗೆ ಅವುಗಳನ್ನು ಹಿಂದಕ್ಕೆ ಪಡೆದು ಬಹುಪಾಲನ್ನು ನಾಶಪಡಿಸಬೇಕಾಯಿತು. ಇಂದಿನ ಟೈಟೇನಿಯಂ ಒಡೆಯುವುದಿಲ್ಲವೆಂಬುದು ನಿಜ. ಲೋಹ ತಾಳಿಕೊಳ್ಳುವುದನ್ನು ಕಲಿತಿದೆ, ಕೈ ಕಲಿತಿಲ್ಲ.

ಕೈ ತಾಳಿಕೊಳ್ಳಬೇಕಾದುದು ಏನನ್ನು ಎಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನವೇ ವಿವರಿಸುತ್ತದೆ. ಗುಂಡು ಎಷ್ಟು ಸಂವೇಗದಿಂದ, ಅಂದರೆ ತೂಕ ಮತ್ತು ವೇಗಗಳ ಎಷ್ಟು ಗುಣಲಬ್ಧದಿಂದ, ಮುಂದಕ್ಕೆ ಹೋಗುತ್ತದೆಯೋ, ಆಯುಧ ಕಡಿಮೆಯೆಂದರೂ ಅಷ್ಟೇ ಸಂವೇಗದಿಂದ ಹಿಂದಕ್ಕೆ ಬರುತ್ತದೆ; ಬಂದೂಕಿನ ಈ ಒದೆತವನ್ನು ಕಾಡತೂಸು ನಿರ್ಧರಿಸುತ್ತದೆಯೇ ಹೊರತು ಕೊಳ್ಳುವವರ ಇಚ್ಛೆಯಲ್ಲ. ಆದರೆ ಆ ಸಂವೇಗವನ್ನು ಹೊತ್ತು ಬರುವ ಲೋಹ ಅರ್ಧ ತೂಕದ್ದಾದರೆ ಅದರ ವೇಗ ಎರಡು ಪಟ್ಟಾಗುತ್ತದೆ, ಮತ್ತು ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಅಂಗೈ ನುಂಗಬೇಕಾದ ಶಕ್ತಿಯೂ ಎರಡು ಪಟ್ಟಾಗುತ್ತದೆ. 10.2 ಗ್ರಾಂ ಗುಂಡಿನ ಸಾಮಾನ್ಯ .38 ಸ್ಪೆಷಲ್ ಕಾಡತೂಸನ್ನು ಸುಮಾರು 950 ಗ್ರಾಂ ತೂಕದ, ನಾಲ್ಕಂಗುಲ ನಳಿಗೆಯ ಹಳೆಯ ಪೊಲೀಸ್ ರಿವಾಲ್ವರಿನಿಂದ ಹಾರಿಸಿದಾಗ ಅದು ಕೈಯನ್ನು ತಳ್ಳುತ್ತದೆ; ಅದೇ ಕಾಡತೂಸನ್ನು 420 ಗ್ರಾಮಿನದರಿಂದ ಹಾರಿಸಿದಾಗ ಒದೆತದ ಶಕ್ತಿ ಎರಡು ಪಟ್ಟಿಗೂ ಹೆಚ್ಚಾಗಿ, ತಳ್ಳಬೇಕಾದುದು ಹೊಡೆಯುತ್ತದೆ. 330 ಗ್ರಾಮಿನದರಲ್ಲಿ .357 ಮ್ಯಾಗ್ನಮ್ ಎಂಬ, 1935ರಲ್ಲಿ ಭಾರಿ ಉಕ್ಕಿನ ರಿವಾಲ್ವರಿಗೆಂದೇ ಹುಟ್ಟಿದ ಕಾಡತೂಸನ್ನು ತುಂಬಿ ಹಾರಿಸಿದವರು ಎರಡನೆಯ ಸಿಲಿಂಡರನ್ನು ತುಂಬುವ ಉತ್ಸಾಹ ತೋರಿಸುವುದು ಅಪರೂಪ. ಹಗುರವಾದ ಆಯುಧದಲ್ಲಿ ಭಾರ ಕಳೆದುಹೋಗಿರುವುದಿಲ್ಲ, ಅದು ಜಾಗ ಬದಲಿಸಿರುತ್ತದೆ. ಇಡೀ ದಿನ ಸೊಂಟದ ಪಟ್ಟಿಯ ಮೇಲೆ ಹಂಚಿಕೊಂಡು ಕೂರಬೇಕಾಗಿದ್ದುದು ಒಂದು ಕ್ಷಣದಲ್ಲಿ ಹೆಬ್ಬೆರಳ ಬುಡದ ಮೇಲೆ ಬಂದು ಬೀಳುತ್ತದೆ.

ಒದೆತ ಗುಂಡು ಹಾರಿದ ಮೇಲಿನ ಕಷ್ಟವಾದರೆ, ಟ್ರಿಗರಿನದು ಹಾರುವ ಮೊದಲಿನ ಕಷ್ಟ. ಗುಪ್ತಧಾರಣೆಯ ರಿವಾಲ್ವರುಗಳು ಸಾಮಾನ್ಯವಾಗಿ ‘ಡಬಲ್ ಆ್ಯಕ್ಷನ್’ ಕ್ರಮದವು; ಟ್ರಿಗರನ್ನು ಎಳೆಯುವ ಒಂದೇ ಚಲನೆ ಸಿಲಿಂಡರನ್ನು ತಿರುಗಿಸಿ, ಹ್ಯಾಮರನ್ನು ಹಿಂದಕ್ಕೆಳೆದು, ಬಿಟ್ಟು, ಮೂರು ಕೆಲಸಗಳನ್ನೂ ಮಾಡುವುದರಿಂದ ಆ ಎಳೆತ ಉದ್ದವಾಗಿಯೂ ಬಿಗಿಯಾಗಿಯೂ ಇರುತ್ತದೆ. ಪುಟ್ಟ ಚೌಕಟ್ಟಿನಲ್ಲಿ ಉದ್ದನೆಯ ಪಟ್ಟಿ ಸ್ಪ್ರಿಂಗಿಗೆ ಜಾಗವಿಲ್ಲದೆ ಸುರುಳಿ ಸ್ಪ್ರಿಂಗನ್ನು ಬಳಸಬೇಕಾಗಿ ಬಂದು, ಸನ್ನೆಯ ಅನುಕೂಲವೂ ಕಡಿಮೆಯಾಗಿ, ಎಳೆತ ದೊಡ್ಡ ರಿವಾಲ್ವರಿಗಿಂತ ಹೆಚ್ಚು ಬಿಗಿಯಾಗುತ್ತದೆ. ಅದು 5 ಕಿಲೋಗ್ರಾಂ ದಾಟುವುದು ಸಾಮಾನ್ಯ. ಅಂದರೆ 420 ಗ್ರಾಮಿನ ವಸ್ತುವೊಂದನ್ನು ಅಲುಗಿಸದೆ ಹಿಡಿದುಕೊಂಡು, ಅದರ ತೂಕದ ಹನ್ನೆರಡು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಅದರ ಮೇಲೆ ಹಾಕಬೇಕು. 950 ಗ್ರಾಮಿನ ಉಕ್ಕಿನ ರಿವಾಲ್ವರಿನಲ್ಲಿ ಈ ಅನುಪಾತ ಐದು ಪಟ್ಟಿನ ಸುತ್ತಮುತ್ತ ಇರುತ್ತದೆ. ತೇಗದ ಭಾರಿ ಮೇಜಿನ ಖಾನೆ ಬಿಗಿಯಾಗಿದ್ದರೂ ಎಳೆದಾಗ ಖಾನೆಯಷ್ಟೇ ಹೊರಬರುತ್ತದೆ, ಹಗುರವಾದ ಮೇಜಿನ ಬಿಗಿ ಖಾನೆಯನ್ನು ಎಳೆದರೆ ಮೇಜೇ ಎಳೆದವರ ಕಡೆಗೆ ಸರಿದು ಬರುತ್ತದೆ. ನಳಿಗೆಯ ಬಾಯಿ ಗುರಿಯಿಂದ ಸರಿಯುವುದೂ ಹೀಗೆಯೇ. ಬಿಗಿಯಾದ ಟ್ರಿಗರು ಆಕಸ್ಮಿಕವಾಗಿ ಗುಂಡು ಹಾರದಂತೆ ತಡೆಯುತ್ತದೆಯೆಂಬ ಸಮರ್ಥನೆ ಸರಿಯಾದುದೇ. ಆದರೆ ಆ ರಕ್ಷಣೆ ಉಕ್ಕಿನ ರಿವಾಲ್ವರಿನಲ್ಲೂ ಅಷ್ಟೇ ಇದೆ. ಅದನ್ನು ಪಡೆಯಲು ಉಕ್ಕನ್ನು ಕಳೆದುಕೊಳ್ಳಬೇಕಾಗಿಲ್ಲ.

ಅಂತರ ಕಡಿಮೆಯಿರುವುದರಿಂದ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಎರಡನೆಯ ವಾದ. ಗುರಿ ಹಿಡಿಯಲು ನಳಿಗೆಯ ತುದಿಯಲ್ಲೊಂದು ಮೊನೆಯೂ ಹಿಂಬದಿಯಲ್ಲೊಂದು ಸೀಳೂ ಇರುತ್ತವೆ. ಇವೆರಡರ ನಡುವಿನ ದೂರ ಮೋಟು ರಿವಾಲ್ವರಿನಲ್ಲಿ ಸುಮಾರು 9 ಸೆಂಟಿಮೀಟರು, ನಾಲ್ಕಂಗುಲ ನಳಿಗೆಯದರಲ್ಲಿ ಸುಮಾರು 14 ಸೆಂಟಿಮೀಟರು. ಮೊನೆ ಸೀಳಿನ ಮಧ್ಯದಿಂದ ಒಂದೇ ಒಂದು ಮಿಲಿಮೀಟರು ಅತ್ತಿತ್ತ ಸರಿದರೆ, 7 ಮೀಟರು ದೂರದಲ್ಲಿ ಮೊದಲನೆಯದರ ಗುಂಡು ಸುಮಾರು 8 ಸೆಂಟಿಮೀಟರು, ಎರಡನೆಯದರದು 5 ಸೆಂಟಿಮೀಟರು ತಪ್ಪುತ್ತದೆ. ಗಾಬರಿಯಲ್ಲಿ, ಅರೆಬೆಳಕಿನಲ್ಲಿ, ಒಂದೇ ಕೈಯಲ್ಲಿ ಎಳೆಯುವ ಟ್ರಿಗರು ಮೊನೆಯನ್ನು ಒಂದು ಮಿಲಿಮೀಟರಿಗೆ ಸರಿಸಿ ಸುಮ್ಮನಾಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹತ್ತಿರದ ಅಂತರ ಗುರಿಯನ್ನು ಮಾತ್ರ ಹತ್ತಿರಕ್ಕೆ ತರುತ್ತದೆ, ಗುರಿಯ ಹಿಂದಿರುವುದನ್ನು ದೂರ ಮಾಡುವುದಿಲ್ಲ. ತಪ್ಪಿದ ಗುಂಡು ಮಾಯವಾಗುವುದಿಲ್ಲ. ವಾಹನ ನಿಲುಗಡೆಯ ಆಚೆಯ ಕಿಟಕಿಯವರೆಗೆ, ಅಂಗಡಿಯ ಮುಂದಿನ ಸಾಲಿನವರೆಗೆ ಹೋಗುತ್ತದೆ. ಗುರಿಯನ್ನೂ ಗುರಿಯ ಆಚೆ ಇರುವುದನ್ನೂ ತಿಳಿದಿರಬೇಕೆಂಬುದು, ಕೈಬಂದೂಕಿನ ತರಬೇತುದಾರ ಜೆಫ್ ಕೂಪರ್ ಕ್ರೋಡೀಕರಿಸಿದ, ಅಮೆರಿಕದ ಗುರಿಶಾಲೆಗಳಲ್ಲೆಲ್ಲ ಹೇಳಿಕೊಡುವ ನಾಲ್ಕು ಸುರಕ್ಷತಾ ನಿಯಮಗಳಲ್ಲೊಂದು. ‘ಹತ್ತಿರದಲ್ಲಿ ಗುರಿ ಬೇಡ’ ಎನ್ನುವವರು ಈ ನಿಯಮವನ್ನು ಗೋಡೆಯ ಮೇಲೆ ಬರೆದಿಟ್ಟು ಅಂಗಡಿಯಲ್ಲಿ ಅಳಿಸಿಹಾಕುತ್ತಾರೆ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ಅಧಿಕಾರಿಗಳಿಗೂ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ನಡೆದ ಗುಂಡಿನ ಕಾಳಗವನ್ನು ಈ ಚರ್ಚೆಯಲ್ಲಿ ಎಲ್ಲ ಪಕ್ಷದವರೂ ಉದ್ಧರಿಸುತ್ತಾರೆ, ಹೆಚ್ಚಾಗಿ ಗುಂಡಿನ ಬಲ ಸಾಲದೆಂಬುದಕ್ಕೆ ಸಾಕ್ಷಿಯಾಗಿ. ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡ ಆ ಘಟನೆಯ ಬಳಿಕ ಗುಂಡು ದೇಹದಲ್ಲಿ ಎಷ್ಟು ಆಳ ಹೋಗಬೇಕೆಂಬುದಕ್ಕೆ ಸುಮಾರು 30 ಸೆಂಟಿಮೀಟರಿನ ಕನಿಷ್ಠ ಮಾನದಂಡ ನಿಂತದ್ದೂ ನಿಜ. ಆದರೆ ಕಾಳಗವನ್ನು ಕೊನೆಗಾಣಿಸಿದುದು ಯಾವುದು ಎಂಬುದನ್ನು ಅಷ್ಟೇ ಗಮನವಿಟ್ಟು ನೋಡಬೇಕು. ಒಂದು ತೋಳು ಗುಂಡಿನೇಟಿನಿಂದ ಕೆಲಸಕ್ಕೆ ಬಾರದಂತಾಗಿದ್ದ ಎಡ್ಮುಂಡೊ ಮಿರೆಲೆಸ್ ಎಂಬ ಅಧಿಕಾರಿ, ಉಳಿದ ಒಂದೇ ಕೈಯಲ್ಲಿ ತನ್ನ ಉಕ್ಕಿನ .357 ರಿವಾಲ್ವರಿನಿಂದ ಆರು ಗುಂಡುಗಳನ್ನು ಹಾರಿಸಿ ಐದನ್ನು ಗುರಿಗೆ ಮುಟ್ಟಿಸಿದನು. ಅದರಲ್ಲಿ ತುಂಬಿದ್ದುದಾದರೋ ಮ್ಯಾಗ್ನಮ್ ಅಲ್ಲ, .38 ಸ್ಪೆಷಲಿನ ತುಸು ಬಲಪಡಿಸಿದ ಬಗೆ. ಭಾರವಾದ ಆಯುಧ, ಮಿತವಾದ ಕಾಡತೂಸು, ತರಬೇತಾದ ಕೈ: ಪ್ರಚಲಿತ ಸಲಹೆ ಈ ಮೂರನ್ನೂ ತಿರುಗಿಸಿ, ಹಗುರವಾದ ಆಯುಧವನ್ನು ಬಲವಾದ ಕಾಡತೂಸಿನ ಜೊತೆಗೆ ತರಬೇತಿಯಿಲ್ಲದ ಕೈಗೆ ಒಪ್ಪಿಸುತ್ತದೆ.

ಅಭ್ಯಾಸದ ವಿಷಯದಲ್ಲಂತೂ ಪೂರ್ವಪಕ್ಷ ತನ್ನ ಬಲೆಯಲ್ಲಿ ತಾನೇ ಸಿಕ್ಕಿಬೀಳುತ್ತದೆ. ಹಗುರವಾದ ಮೋಟು ರಿವಾಲ್ವರಿನಿಂದ ಒಂದು ಮಧ್ಯಾಹ್ನ ಐವತ್ತು ಗುಂಡು ಹಾರಿಸಿದವರ ಅಂಗೈ ಕೆಂಪಾಗುತ್ತದೆ. ನೋವಿನ ನಿರೀಕ್ಷೆಯಿಂದ ಟ್ರಿಗರು ಬಿಡುವ ಮೊದಲೇ ಮಣಿಕಟ್ಟು ಕುಗ್ಗುವ ಚಾಳಿ ಬೀಳುತ್ತದೆ, ಗುಂಡುಗಳು ಕೆಳಕ್ಕೆ ಬೀಳತೊಡಗುತ್ತವೆ, ಮುಂದಿನ ವಾರ ಗುರಿಶಾಲೆಗೆ ಹೋಗದಿರಲು ನೆಪ ಹುಟ್ಟುತ್ತದೆ. ಅಭ್ಯಾಸ ಹೆಚ್ಚು ಬೇಡವೆಂಬ ಕಾರಣಕ್ಕೆ ಕೊಂಡ ಆಯುಧವೇ ಅತ್ಯಂತ ಹೆಚ್ಚು ಅಭ್ಯಾಸವನ್ನು ಬೇಡುತ್ತದೆ ಮತ್ತು ಅದೇ ಆಯುಧ ಅಭ್ಯಾಸವನ್ನು ಶಿಕ್ಷೆಯನ್ನಾಗಿ ಮಾಡುತ್ತದೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವವರನ್ನು ಕನ್ನಡದ ಗಾದೆ ಹಿಂದಿನಿಂದಲೂ ನಕ್ಕಿದೆ. ಇಲ್ಲಿ ಯುದ್ಧಕಾಲದವರೆಗೆ ಅಭ್ಯಾಸವನ್ನು ಮುಂದೂಡುವಂತೆ ಆಯುಧವನ್ನೇ ರೂಪಿಸಲಾಗಿದೆ.

ರಿವಾಲ್ವರು ಎಂದೂ ಸಿಕ್ಕಿಕೊಳ್ಳುವುದಿಲ್ಲವೆಂಬ ಮಾತು ಸಾಧಾರಣ ತೂಕದ ರಿವಾಲ್ವರಿನ ಮಟ್ಟಿಗೆ ಬಹುಪಾಲು ನಿಜ. ಅತಿ ಹಗುರವಾದವುಗಳಲ್ಲಿ ಅದು ಅಷ್ಟು ನಿಜವಲ್ಲ, ಮತ್ತು ಕಾರಣ ಮತ್ತೆ ಹಗುರವೇ. ಒಂದು ಕಾಡತೂಸು ಹಾರಿದಾಗ ಆಯುಧ ಹಠಾತ್ತನೆ ಹಿಂದಕ್ಕೆ ಜಗ್ಗುತ್ತದೆ. ಪಕ್ಕದ ಕೋಣೆಗಳಲ್ಲಿ ಕಾಯುತ್ತಿರುವ ಕಾಡತೂಸುಗಳ ಚಿಪ್ಪು ಆಯುಧದೊಡನೆ ಹಿಂದೆ ಸರಿದರೂ ಅವುಗಳ ಬಾಯಲ್ಲಿ ಕೂತ ಗುಂಡು ತನ್ನ ಜಡತ್ವದಿಂದ ನಿಂತಲ್ಲೇ ನಿಲ್ಲಲು ನೋಡುತ್ತದೆ, ಹೀಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಚಿಪ್ಪಿನಿಂದ ಹೊರಬರುತ್ತದೆ. ಅದು ಸಿಲಿಂಡರಿನ ಮುಂದಿನ ಅಂಚನ್ನು ದಾಟಿತೆಂದರೆ ಚೌಕಟ್ಟಿಗೆ ತಗುಲಿ ಸಿಲಿಂಡರು ತಿರುಗದೆ ನಿಲ್ಲುತ್ತದೆ. ಸ್ವಯಂಚಾಲಿತ ಪಿಸ್ತೂಲು ಸಿಕ್ಕಿಕೊಂಡರೆ ಎರಡು ಕ್ಷಣದಲ್ಲಿ ಬಿಡಿಸಬಹುದು. ಈ ರೀತಿ ಬಿಗಿದುಕೊಂಡ ರಿವಾಲ್ವರನ್ನು ಬಿಡಿಸಲು ಮೇಜು, ಸಲಕರಣೆ, ಸಮಾಧಾನ ಮೂರೂ ಬೇಕು. ಇದರ ಜೊತೆಗೆ, ಮೋಟು ನಳಿಗೆಯ ಕೆಳಗೆ ಉದ್ದನೆಯ ಹೊರದೂಡು ಕಡ್ಡಿಗೆ ಜಾಗವಿಲ್ಲದ್ದರಿಂದ ಖಾಲಿ ಚಿಪ್ಪುಗಳು ಪೂರ್ತಿ ಹೊರಬೀಳದೆ ಅಲ್ಲಲ್ಲೇ ಕಚ್ಚಿಕೊಳ್ಳುವುದೂ ಉಂಟು.

ಚಿಕ್ಕ ಕೈಗೆ ಚಿಕ್ಕ ಆಯುಧವೆಂಬ ಮಾತನ್ನು ವಿಶೇಷವಾಗಿ ಖಂಡಿಸಬೇಕು, ಏಕೆಂದರೆ ಇಲ್ಲಿ ಉಪಕಾರದ ವೇಷದಲ್ಲಿ ಅನ್ಯಾಯವಿದೆ. ಸ್ಮಿತ್ ಅಂಡ್ ವೆಸನ್ 1902ರಷ್ಟು ಹಿಂದೆಯೇ ‘ಲೇಡಿಸ್ಮಿತ್’ ಎಂಬ ಹೆಸರಿನ ಪುಟ್ಟ .22 ರಿವಾಲ್ವರನ್ನು ತಯಾರಿಸಿತ್ತು. 1980ರ ದಶಕದ ಕೊನೆಯಲ್ಲಿ ಅದೇ ಹೆಸರು ಹೆಂಗಸರಿಗೆಂದು ಮೀಸಲಾದ .38 ರಿವಾಲ್ವರುಗಳ ಮೇಲೆ ಮರಳಿ ಬಂತು. ಮೊದಲನೆಯದರ ಕಾಡತೂಸಿಗೆ ಒದೆತವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದರಲ್ಲಿ ಹೆಸರು ಹಾಗೆಯೇ ಉಳಿದು ಕಾಡತೂಸು ಬೆಳೆದಿತ್ತು. ಪುಟ್ಟ ಚೌಕಟ್ಟಿನಲ್ಲಿ ಬೆರಳು ಟ್ರಿಗರನ್ನು ಸುಲಭವಾಗಿ ಮುಟ್ಟುತ್ತದೆಯೆಂಬ ನಿಜವಾದ ಅನುಕೂಲವೊಂದಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬೆರಳು ಮುಟ್ಟುವುದು ಬೇರೆ, ಎಳೆಯುವುದು ಬೇರೆ. ಹಿಡಿತದ ಬಲ ಕಡಿಮೆಯಿರುವವರಿಗೆ, ಸಂಧಿವಾತದಿಂದ ಬೆರಳು ನೋಯುವ ಹಿರಿಯರಿಗೆ, ಅತ್ಯಂತ ಬಿಗಿಯಾದ ಟ್ರಿಗರೂ ಅತ್ಯಂತ ಜೋರಾದ ಒದೆತವೂ ಇರುವ ಆಯುಧವನ್ನು ಆರಿಸಿ ಕೊಟ್ಟು, ಅವರಿಂದ ಗುರಿ ತಪ್ಪಿದಾಗ ತಪ್ಪನ್ನು ಅವರ ಕೈಯ ಮೇಲೆ ಹೊರಿಸುವುದು ಕುಣಿಸಿದವರೇ ನೆಲವನ್ನು ಡೊಂಕು ಮಾಡಿಟ್ಟು ಕುಣಿದವಳನ್ನು ಬೈದಂತಾಗುತ್ತದೆ.

ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ವಾದ: ಮನೆಯಲ್ಲಿ ಬಿಟ್ಟುಬಂದ ಆಯುಧಕ್ಕಿಂತ ಮೈಮೇಲಿರುವುದು ಮೇಲು. ಇದು ಸುಳ್ಳಲ್ಲ; ಆದರೆ ಇದರ ಬಲವೆಲ್ಲ ಹೋಲಿಕೆಗೆ ಆರಿಸಿಕೊಂಡ ಎದುರಾಳಿಯಲ್ಲಿದೆ. 330 ಗ್ರಾಮಿನ ಎದುರು 950 ಗ್ರಾಮನ್ನು ನಿಲ್ಲಿಸಿದರೆ ಯಾರಾದರೂ ಮೊದಲನೆಯದನ್ನೇ ಹೊರುತ್ತಾರೆ. ಈ ಎರಡರ ನಡುವೆ ಇಡೀ ಒಂದು ವರ್ಗವಿದೆ. ರೂಗರ್ ಕಂಪನಿಯ ಎಸ್‌ಪಿ101 ಐದು ಗುಂಡಿನ ಉಕ್ಕಿನ ರಿವಾಲ್ವರು, ತೂಕ ಸುಮಾರು 740 ಗ್ರಾಂ. 2017ರಲ್ಲಿ ಮರಳಿ ಬಂದ ಕೋಲ್ಟ್ ಕೋಬ್ರಾ ಆರು ಗುಂಡಿನದು, ಸುಮಾರು 710 ಗ್ರಾಂ. ಕಿಂಬರ್ ಕಂಪನಿಯ ಕೆ6ಎಸ್ ಆರು ಗುಂಡಿನದು, ಸುಮಾರು 650 ಗ್ರಾಂ. ಏರ್‌ವೇಟಿಗೂ ಇವುಗಳಿಗೂ ಇರುವ ಅಂತರ 230ರಿಂದ 320 ಗ್ರಾಂ, ಅಂದರೆ ಸಾಧಾರಣ ಗಾತ್ರದ ಒಂದು ಮಾವಿನಹಣ್ಣಿನ ತೂಕ. ಟ್ರಿಗರಿನ ಸುತ್ತಲಿನ ಬಳೆಯನ್ನು ಪೂರ್ತಿ ಮುಚ್ಚುವ ಒಳ್ಳೆಯ ತೊಗಲಿನ ಒರೆಯೂ ಬಾಗದ ದಪ್ಪ ಸೊಂಟಪಟ್ಟಿಯೂ ಇದ್ದರೆ ಈ ವ್ಯತ್ಯಾಸ ದಿನದ ಕೊನೆಗೆ ಮರೆತುಹೋಗುತ್ತದೆ. ಹೊರಲಾಗದಷ್ಟು ಭಾರವೆಂದು ದೂರುವವರ ಸಮಸ್ಯೆ ಎಷ್ಟೋ ವೇಳೆ ಆಯುಧದ್ದಲ್ಲ, ಸಡಿಲ ಪಟ್ಟಿಯದು. ಇದಕ್ಕೂ ಮಿಗಿಲಾಗಿ, ಮನೆಯಲ್ಲಿ ಉಳಿಯುವುದು ಆಯುಧವೊಂದೇ ಅಲ್ಲ. ಆಯುಧವನ್ನು ಮೈಮೇಲಿಟ್ಟುಕೊಂಡು ಅಭ್ಯಾಸವನ್ನು ಮನೆಯಲ್ಲಿ ಬಿಟ್ಟುಬಂದವರು ಆಯುಧವನ್ನು ಮನೆಯಲ್ಲಿ ಬಿಟ್ಟವರಿಗಿಂತ ಅಪಾಯಕಾರಿಗಳು, ಏಕೆಂದರೆ ಎರಡನೆಯವರ ಗುಂಡು ಯಾರಿಗೂ ತಗುಲುವುದಿಲ್ಲ.

ಹೀಗಾದರೆ ಸಿದ್ಧಾಂತ ಏನು? ಹೊಸಬರಿಗೆ 600ರಿಂದ 750 ಗ್ರಾಮಿನ ಉಕ್ಕಿನ ರಿವಾಲ್ವರು. ಕಿರುಬೆರಳೂ ಕೂರುವಷ್ಟು ಉದ್ದದ ರಬ್ಬರು ಹಿಡಿ. ಬಟ್ಟೆಗೆ ಸಿಕ್ಕದಂತೆ ಕೊಕ್ಕಿಲ್ಲದ, ಇಲ್ಲವೇ 1952ರ ‘ಸೆಂಟೆನಿಯಲ್’ ಮಾದರಿಯಂತೆ ಚೌಕಟ್ಟಿನೊಳಗೇ ಅಡಗಿದ ಹ್ಯಾಮರು. ಮ್ಯಾಗ್ನಮ್ ಬದಲು ಸಾಧಾರಣ .38 ಸ್ಪೆಷಲ್, ಅದೂ ಕೈಗೆ ಹೆಚ್ಚಾದರೆ ‘ವಾಡ್‌ಕಟರ್’ ಎಂಬ, ಮುಂಭಾಗ ಚಪ್ಪಟೆಯಾಗಿರುವ, ನಿಧಾನ ವೇಗದ ಗುರಿಶಾಲೆಯ ಗುಂಡು. ಮೆದುವಾದ ಬೇರೊಂದು ಬೇಕಿದ್ದರೆ 1984ರಲ್ಲಿ ಬಂದ .32 ಎಚ್ ಅಂಡ್ ಆರ್ ಮ್ಯಾಗ್ನಮ್, ಇದರಲ್ಲಿ ಅದೇ ಪುಟ್ಟ ಸಿಲಿಂಡರಿನಲ್ಲಿ ಐದರ ಬದಲು ಆರು ಕಾಡತೂಸುಗಳೂ ಹಿಡಿಯುತ್ತವೆ. ಹಗುರವಾದ ಮೋಟು ರಿವಾಲ್ವರಿಗೆ ಜಾಗವೇ ಇಲ್ಲವೆಂದು ಇದರರ್ಥವಲ್ಲ. ಉಕ್ಕಿನದರಲ್ಲಿ ಸಾವಿರಾರು ಗುಂಡು ಹಾರಿಸಿ ಕೈ ಪಳಗಿದವರಿಗೆ, ಪಟ್ಟಿಯನ್ನೇ ಕಟ್ಟಲಾಗದ ಉಡುಪಿನವರಿಗೆ, ಎರಡನೆಯ ಆಯುಧವನ್ನು ಕಣಕಾಲಿನಲ್ಲಿ ಇಡುವ ಪೊಲೀಸರಿಗೆ ಅದು ಒಪ್ಪುವ ಸಾಧನ. ಅದು ಕಲಿಕೆಯ ಕೊನೆಯಲ್ಲಿ ಬರಬೇಕಾದುದು. ಪ್ರಚಲಿತ ಸಲಹೆ ಅದನ್ನು ಮೊದಲ ಪಾಠವನ್ನಾಗಿ ಮಾಡಿದೆ.

ಈ ತರ್ಕ ಅಮೆರಿಕದ ಗಡಿಯೊಳಗೆ ಉಳಿಯಲಿಲ್ಲ. ದೆಹಲಿಯಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಬಳಿಕ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಿಂದ ‘ನಿರ್ಭೀಕ್’ ಎಂಬ .32 ರಿವಾಲ್ವರು ಮಾರುಕಟ್ಟೆಗೆ ಬಂತು. ಟೈಟೇನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ ತೂಕದ್ದು, ಆಗಿನ ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲೆ. ಹೆಂಗಸರ ಕೈಚೀಲದಲ್ಲಿ ಹಿಡಿಯುವಷ್ಟು ಹಗುರವೆಂಬುದೇ ಅದರ ಹೆಗ್ಗಳಿಕೆಯಾಗಿ ಸುದ್ದಿಯಾಯಿತು. ಹಳೆಯ .32 ಕಾಡತೂಸು ಮೆದುವಾದುದಾದ್ದರಿಂದ ಅದರ ಒದೆತ ಅಮೆರಿಕದ ಹಗುರ ರಿವಾಲ್ವರುಗಳಷ್ಟು ಕ್ರೂರವಲ್ಲವೆಂಬುದನ್ನು ಒಪ್ಪಲೇಬೇಕು. ಆಕ್ಷೇಪ ಆ ಲೋಹದ ಮೇಲಲ್ಲ, ಅದರೊಡನೆ ಬಂದ ತರ್ಕದ ಮೇಲೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಭಾರತದಲ್ಲಿ ಪರವಾನಗಿ ಸಿಗುವುದೇ ಕಷ್ಟ. ಸಿಕ್ಕವರಿಗೂ ಎಷ್ಟು ಕಾಡತೂಸು ಕೊಳ್ಳಬಹುದೆಂಬುದು ಪರವಾನಗಿಯಲ್ಲೇ ನಮೂದಾಗಿರುತ್ತದೆ, ಗುರಿಶಾಲೆಗಳು ಎಲ್ಲ ಊರುಗಳಲ್ಲಿಲ್ಲ. ಅಭ್ಯಾಸಕ್ಕೆ ಇಷ್ಟು ಅಭಾವವಿರುವ ನಾಡಿನಲ್ಲಿ ತೂಕ ಕಡಿಮೆಯೆಂಬುದನ್ನು ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ಮುಂದಿಡುವುದು, ರಕ್ಷಿಸಬೇಕಾದ ರಾಜ್ಯವು ತನ್ನ ಹೊಣೆಯನ್ನು 500 ಗ್ರಾಮಿಗೆ ಇಳಿಸಿ ಅವಳ ಕೈಚೀಲಕ್ಕೆ ಹಾಕಿದಂತೆ ತೋರುತ್ತದೆ. ಕೈಚೀಲವಾದರೋ ಆಯುಧ ಇಡಲು ಇರುವ ಜಾಗಗಳಲ್ಲೆಲ್ಲ ಕೆಟ್ಟದ್ದು: ಕಳ್ಳನು ಮೊದಲು ಕಸಿಯುವುದು ಅದನ್ನೇ, ಮನೆಯ ಮಗು ಮೊದಲು ಕೈಹಾಕುವುದೂ ಅದಕ್ಕೇ.

ತಕ್ಕಡಿಯ ಮೇಲಿನ ಅಂಕಿ ಇಳಿದಷ್ಟೂ ಆಯುಧ ಒಳ್ಳೆಯದಾಗುತ್ತದೆಂಬ ನಂಬಿಕೆ ತೂಕವನ್ನು ಯಾರು ಹೊರುತ್ತಾರೆಂದು ಕೇಳುವುದಿಲ್ಲ. ಸೊಂಟದಿಂದ ಇಳಿದ 300 ಗ್ರಾಂ ಮೊದಲು ಅಂಗೈಗೆ ಒದೆತವಾಗಿ ಬರುತ್ತದೆ. ಅಂಗೈ ಅದನ್ನು ತಾಳದೆ ಕುಗ್ಗಿದಾಗ ಗುರಿಗೆ ಹೋಗುತ್ತದೆ. ಗುರಿ ತಪ್ಪಿದಾಗ ರಸ್ತೆಯ ಆಚೆ ಬದಿಯಲ್ಲಿ ತರಕಾರಿಯ ಚೀಲ ಹಿಡಿದು ನಿಂತಿರುವ, ಈ ಆಯ್ಕೆಯಲ್ಲಿ ಯಾವ ಪಾಲೂ ಇಲ್ಲದ ಅಪರಿಚಿತರ ಮೈಮೇಲೆ ಬೀಳುತ್ತದೆ. ಮಾರಕವಾದ ವಸ್ತುವನ್ನು ಹತ್ತು ಜನರ ನಡುವೆ ಗುಟ್ಟಾಗಿ ಒಯ್ಯುವ ಹಕ್ಕನ್ನು ಕೇಳಿ ಪಡೆದವರು ಅದರ ಪೂರ್ತಿ ತೂಕವನ್ನು ತಮ್ಮ ಸೊಂಟದ ಮೇಲೆಯೇ ಹೊರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.